ಬಾಕಿ: ಒಂದು ತುಂಡು

ಹಾಸನದ ಡಿಪೋ ಹಿಂದಿನ ಕ್ವಾರ್ಟರ್ಸಿನಲ್ಲಿ
ಭಾನುವಾರ ನನ್ನ ವಾರದ ರಜೆ.
ಖಾಕಿ ನೆನೆಯಲಿ ಬಕೆಟ್ಟಿನಲ್ಲಿ,
ಇವತ್ತು ಕೊಬ್ಬರಿ ಮಿಠಾಯಿ.

ಹಬ್ಬವಲ್ಲ, ಯಾರ ಹುಟ್ಟಿದ ದಿನವೂ ಅಲ್ಲ.
ದುದ್ದದ ಶಿವನಂಜಜ್ಜ ಕೊಟ್ಟ ಎರಡು ಕಾಯಿ
ಸೀಟಿನಡಿ ಉರುಳುರುಳಿ
ಅರಸೀಕೆರೆ ನೋಡಿ ವಾಪಸು ಬಂದು
ವಾರದಿಂದ ಮೂಲೆಯಲ್ಲಿ ಕೂತಿದ್ದವು.
ಅವನ ಮೂಟೆಗೆ ಲಗೇಜು ಹರಿದದ್ದು ನಾನು,
ದುಡ್ಡು ತುಂಬಿದ್ದೂ ನಾನೇ.
‘ಕಾಸಿಲ್ಲ ಕಣವ್ವ, ಕಾಯೈತೆ’ ಅಂದಿದ್ದ.

ಸುಲಭದ ಕೆಲಸ, ಮೂರೇ ಸಾಮಾನು.
ತುರಿದ ಕಾಯಿ ಎರಡು ಲೋಟ,
ಸಕ್ಕರೆ ಒಂದೂವರೆ.
(ಎರಡು ಹಾಕು ಅನ್ನುತ್ತಾಳೆ ಪಕ್ಕದ ಮನೆ ಫಿಲೋಮಿನಾ,
ಅವಳ ಕೈ ಯಾವತ್ತೂ ಓವರ್‌ಲೋಡು.)
ಏಲಕ್ಕಿ ಮೂರು, ಸಿಪ್ಪೆ ಟೀಪುಡಿ ಡಬ್ಬಿಗೆ.
ತುರಿಯಲು ಕೂತ ಮಗ
ಹಿಡಿಹಿಡಿಯಾಗಿ ಬಾಯಿಗೆ ಹಾಕಿಕೊಳ್ಳುತ್ತಾನೆ,
ಟಿಕೆಟ್ಟಿಲ್ಲದ ಪ್ರಯಾಣ;
ಕಂಡರೂ ಕಾಣದವಳ ಹಾಗೆ ಇದ್ದೇನೆ.

ಬಾಣಲೆಯಲ್ಲಿ ಮೊದಮೊದಲು ನೂಕುನುಗ್ಗಲು.
‘ಒಳಗೆ ಹೋಗಿ, ಒಳಗೆ ಹೋಗಿ’
ಎಂದು ಸೌಟು ಆಡಿಸುತ್ತಲೇ ಇರಬೇಕು.
ನೀರು ಬಿಡುತ್ತದೆ, ನೊರೆ ಏಳುತ್ತದೆ,
ಮೊಣಕೈ ಸೋಲುತ್ತದೆ.
ಆಗ ಬರುತ್ತದೆ ತಳ ಬಿಡುವ ಗಳಿಗೆ,
ಬಸ್ಸು ಸ್ಟ್ಯಾಂಡು ಬಿಟ್ಟ ಹಾಗೆ.
ಅರೆನಿಮಿಷ ತಡವಾದರೆ
ಓಡೋಡಿ ಬಂದರೂ ಸಿಗುವುದಿಲ್ಲ.

ಹೋದ ವರ್ಷ ನಡುವೆ ಫೋನು ಬಂದು
ಮಿಠಾಯಿ ಕಲ್ಲಾಗಿತ್ತು.
ನಮ್ಮವರು ಸುತ್ತಿಗೆ ತಂದರು.
ಒಡೆದು ಹಂಚಿದೆವು.
ಮೂರು ದಿನ ಇಡೀ ಸಾಲು
ದವಡೆಯಲ್ಲಿ ಇಟ್ಟುಕೊಂಡೇ ಮಾತಾಡಿತು.

ಈ ಸಲ ಹಿಡಿದೆ.
ತುಪ್ಪ ಸವರಿದ ತಟ್ಟೆಗೆ ಸುರಿದು
ಲೋಟದ ತಳದಿಂದ ಒತ್ತಿ
ಬಿಸಿಯಿರುವಾಗಲೇ ಗೆರೆ ಎಳೆದೆ, ಓರೆಯಾಗಿ.
ಮೂವತ್ತೊಂದು ತುಂಡು.
ಅಂಚಿನ ಚೂರುಪಾರಿಗೆ ಲೆಕ್ಕವಿಲ್ಲ,
ಅದು ಮಾಡಿದವಳ ಪಾಸು.

ಫಿಲೋಮಿನಾಳ ಮನೆಗೆ ಐದು.
ತಿಂದು, ‘ಎರಡು ಲೋಟ ಹಾಕಬೇಕಿತ್ತು’ ಅಂದಳು,
ಆರನೆಯದಕ್ಕೆ ಕೈ ಚಾಚಿದಳು.
ಕ್ರಿಕೆಟ್ಟು ಬಿಟ್ಟು ಬಂದ ಹುಡುಗರು ಎಷ್ಟೋ.
ಎದುರುಮನೆಯ ಮೆಕ್ಯಾನಿಕ್ ಬಸವೇಗೌಡರು
ಗ್ರೀಸಿನ ಕೈ ಹಿಂದೆ ಕಟ್ಟಿ ಬಾಯಿ ತೆರೆದರು,
ಅವರ ಹೆಂಡತಿ ತಾನು ಕಚ್ಚಿದ್ದರಲ್ಲಿ ಅರ್ಧ ಇಟ್ಟಳು.

ಉಳಿದದ್ದು ಸೋಮವಾರ ಡಬ್ಬಿಯಲ್ಲಿ,
ಬೆಳಗಿನ ಮೊದಲ ಟ್ರಿಪ್ಪು.
ಡ್ರೈವರ್ ರಹಮತಣ್ಣನಿಗೆ ಸಕ್ಕರೆ ಕಾಯಿಲೆ.
‘ಅರ್ಧ ಟಿಕೆಟ್ ಕೊಡು ತಂಗಿ’ ಅಂದ,
ರೈಲ್ವೆ ಗೇಟು ಬಿದ್ದಾಗ ಇನ್ನರ್ಧ ಕೇಳಿದ.
ಹಿಂದಿನ ಸೀಟಿನಲ್ಲಿ ಅಳುವ ಕೂಸು ಒಂದು,
ಅದರ ತಾಯಿಗೊಂದು,
ತಾಯಿಗೆ ಕೊಟ್ಟ ಮೇಲೆ ಅತ್ತೆಗೆ ಕೊಡದಿರಲು ಆಗುತ್ತದೆಯೆ?

ದುದ್ದದಲ್ಲಿ ಶಿವನಂಜಜ್ಜ ಹತ್ತಿದ.
ಡಬ್ಬಿ ತೆರೆದೆ:
ತುಪ್ಪದ ವಾಸನೆ, ಎರಡು ಏಲಕ್ಕಿ ಕಾಳು.
ಯಾರ ಕಾಯಿಯೋ ಅವನಿಗೇ ಇಲ್ಲ.

ಇಪ್ಪತ್ತು ವರ್ಷದ ಅಭ್ಯಾಸ ಕೈಗೆ,
ಟಿಕೆಟ್ಟು ಹರಿದು, ಮಗುಚಿ, ಬರೆದುಕೊಟ್ಟೆ:
‘ಬಾಕಿ ೧ ತುಂಡು.’
ಅಜ್ಜ ಕಣ್ಣಿಗೆ ಹತ್ತಿರ ಹಿಡಿದು ನೋಡಿ
ಜೇಬಿಗೆ ಮಡಚಿಟ್ಟ, ನಗಲಿಲ್ಲ.
ಚಿಲ್ಲರೆ ವಿಷಯದಲ್ಲಿ
ನಮ್ಮನ್ನು ಯಾರೂ ನಂಬುವುದಿಲ್ಲ.

ತಿಂಗಳಾದ ಮೇಲೆ ಮತ್ತೆ ಬಂದ,
ಮೊಮ್ಮಗಳ ಕೈಹಿಡಿದು.
ಟಿಕೆಟ್ಟು ಚಾಚಿದ.
ಮಷೀನಿನ ಅಚ್ಚು ಪೂರ್ತಿ ಹಾರಿಹೋಗಿತ್ತು:
ಎಲ್ಲಿಂದ, ಎಲ್ಲಿಗೆ, ಎಷ್ಟು, ಏನೂ ಇಲ್ಲ.
ಹಿಂದೆ ನನ್ನ ಪೆನ್ನಿನ ಒಂದು ಹಾಗೇ ಇತ್ತು,
ಅದರ ಪಕ್ಕ ಕೆಂಪು ಬಳಪದಲ್ಲಿ
ಕೋಳಿಮೊಟ್ಟೆಯಷ್ಟು ಗುಂಡಗೆ
ಒಂದು ಸೊನ್ನೆ.

ಹುಡುಗಿ ಕಿಟಕಿಯಾಚೆ ನೋಡುತ್ತಿತ್ತು.
ಅಜ್ಜ ನನ್ನನ್ನು ನೋಡುತ್ತಿದ್ದ.
ಚೀಲದಲ್ಲಿ, ಕೇಳದೆಯೇ ತಂದ,
ಮತ್ತೆರಡು ಕಾಯಿ.

ಬರುವ ಭಾನುವಾರ ರಜೆ ಇದೆ.
ಚೆಕಿಂಗಿನವರು ಕೇಳಿದರೆ ಹೇಳುತ್ತೇನೆ,
ಹತ್ತೇ ಸ್ವಾಮಿ,
ಲೆಕ್ಕ ಸರಿಯಾಗಿದೆ.