ಅರವತ್ತನಾಲ್ಕನೆಯ ಕಾರ್ಡು

ಮೊದಲ ವರ್ಷ ಹನ್ನೊಂದೇ ಕಾರ್ಡು,
ಅದರಲ್ಲೂ ಒಂದು ವಾಚ್‌ಮನ್ ನಿಂಗಪ್ಪನದು.

ಈಗ ಹದಡಿ ರಸ್ತೆಯ ಆ ಕಂಪನಿ
ಮೇಲಿನ ಎರಡು ಮಹಡಿಯನ್ನೂ ಹಿಡಿದಿದೆ.
ಕೆಳಗೆ ಬಟ್ಟೆಯಂಗಡಿ ಹಾಗೇ ಇದೆ,
ಬೊಂಬೆಗಳು ವಾರಕ್ಕೊಂದು ಸೀರೆ ಉಡುತ್ತವೆ.
‘ಬೇಡಿಕೆ ಜಾಸ್ತಿ ಆಗೈತ್ರಿ’ ಅನ್ನುತ್ತಾನೆ ಮ್ಯಾನೇಜರು.
ಯಾರ ಬೇಡಿಕೆ, ಯಾವ ದೇಶದ್ದು, ನಾನು ಕೇಳುವುದಿಲ್ಲ.
ಸೋಮವಾರಕ್ಕೆ ಅರವತ್ತನಾಲ್ಕು ಕಾರ್ಡು,
ನೀಲಿ ಪಟ್ಟಿ, ಸ್ಟೀಲಿನ ಕೊಂಡಿ,
ಅರ್ಧ ಮುಂಗಡ.

ಎಂಟಡಿ ಅಗಲದ ಅಂಗಡಿ ನನ್ನದು.
ಒಂದು ಪ್ರಿಂಟರು, ಒಂದು ಲ್ಯಾಮಿನೇಷನ್ ಯಂತ್ರ,
ಒಬ್ಬಳು ಗುಲ್ನಾಜ್.

ಎಷ್ಟು ಮುಖಗಳು ಇಲ್ಲಿ ಬಿಸಿಬಿಸಿಯಾಗಿ ಹೊರಬಿದ್ದವು!
ಹರಪನಹಳ್ಳಿಯ ಕೊಟ್ರೇಶಿ, ಓ ಪಾಸಿಟಿವ್,
ಗೆಳೆಯನ ಕೋಟು, ತೋಳು ಗೇಣುದ್ದ ಹೆಚ್ಚು.
ನ್ಯಾಮತಿಯ ರೇಣುಕಾಂಬಳಿಗೆ ತನ್ನ ರಕ್ತದ ಗುಂಪೇ ಗೊತ್ತಿಲ್ಲ;
ಎದುರಿನ ಲ್ಯಾಬಿಗೆ ಕಳಿಸಿದೆ,
ಬೆರಳಿಗೆ ಹತ್ತಿ ಒತ್ತಿಕೊಂಡು ನಗುತ್ತ ಬಂದಳು.
ಜಗಳೂರಿನ ತಿಪ್ಪೇಸ್ವಾಮಿ ಕೌಂಟರಿಗೆ ಬಾಗಿ
‘ಮೇಡಂ, ತಿಪ್ಪೆ ತೆಗೀರಿ, ಬರೀ ಸ್ವಾಮಿ ಸಾಕು’ ಅಂದ.
ತೆಗೆಯಲಿಲ್ಲ. ಆಧಾರಿನಲ್ಲಿದ್ದದ್ದೇ ಇಲ್ಲೂ.
ಸಂಜೆ ಒಂದು ಪೊಟ್ಟಣ ಖಾರ ಮಂಡಕ್ಕಿ ಇಟ್ಟುಹೋದ,
ಸಿಟ್ಟಿಲ್ಲ ಎಂಬಂತೆ.

ಪಟ್ಟಿಯ ಕೊನೆಯ ಸಾಲಿಗೆ ಬಂದಾಗ
ಕರೆಂಟು ಹೋಯಿತು ಅಂತ ಬರೆದರೆ ಚಂದ.
ಹೋಗಲಿಲ್ಲ.
ಪರದೆಯ ತುಂಬ ಗುಲ್ನಾಜಳ ಫೋಟೊ,
ಇದೇ ಗೋಡೆಗೆ ಇದೇ ನೀಲಿ ಪರದೆ ಕಟ್ಟಿ ತೆಗೆದದ್ದು.

‘ಇಂಟರ್‌ವ್ಯೂ ಯಾವಾಗ ಆತೇ?’
‘ಹಲ್ಲುನೋವು ಅಂತ ರಜ ಹಾಕಿದ್ನಲ್ಲ ಅಕ್ಕಾ.’

ಬಿ ನೆಗೆಟಿವ್.
ನಾಲ್ಕು ವರ್ಷ, ದಿನಕ್ಕೆ ಎರಡು ಚಾ ಜೊತೆಗೇ ಕುಡಿದವಳು ನಾನು,
ತಿಳಿದಿರಲಿಲ್ಲ.
ಊರಿಗೆಲ್ಲ ಕಾರ್ಡು ಮಾಡಿದ ಅಂಗಡಿ
ಅವಳಿಗೊಂದು ಮಾಡಿಕೊಟ್ಟಿರಲಿಲ್ಲ.

ಮೂಲೆಗಳನ್ನು ದುಂಡಗೆ ಕತ್ತರಿಸುವುದರಲ್ಲಿ ಪಳಗಿದ ಕೈ
ತನ್ನದರಲ್ಲೇ ಸೊಟ್ಟ ಹಾಕಿತು.
‘ಇನ್ನೊಂದು ತೆಗಿ’ ಅಂದೆ.
‘ಇರ್ಲಿ ಬಿಡ್ರಿ, ಶೀಟು ವೇಸ್ಟಾಗ್ತದೆ’
ಎಂದು ಅದನ್ನೂ ಲೆಕ್ಕಕ್ಕೆ ಹಿಡಿದು ಬಿಲ್ಲು ಬರೆದಳು.

ಇವತ್ತು ಸೋಮವಾರ. ಮ್ಯಾನೇಜರ ಫೋನು ಬಂತು,
ಮುಂದಿನ ತಿಂಗಳು ಇನ್ನೂ ಮೂವತ್ತಂತೆ.
ಶಟರಿಗೆ ಕಾಗದ ಅಂಟಿಸಿದ್ದೇನೆ:
ಕೆಲಸಕ್ಕೆ ಬೇಕಾಗಿದ್ದಾರೆ.

ಅಂಟಿಸುವ ಮೊದಲು ಒಂದು ಕಾರ್ಡು ಮಾಡಿ
ಗಲ್ಲದ ಮೇಲಿಟ್ಟೆ.
ಮೇಲೆ ನನ್ನಂಗಡಿಯ ಹೆಸರು.
ಕೆಳಗೆ ಹೆಸರು, ರಕ್ತದ ಗುಂಪು,
ಎರಡರ ಮುಂದೂ ಖಾಲಿ ಗೆರೆ.