ಇಳಿಯುವಾಗಲೂ ತಟ್ಟು

ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ.
ನನಗಿದನ್ನು ಕಲಿಸಿದ್ದು ಇದಿನಬ್ಬ,
ಉಪ್ಪಿನಂಗಡಿಯವನು,
ಕುಸೈಸಿನ ನಮ್ಮ ಕೋಣೆಯಲ್ಲಿ ಕೆಳಗಿನ ಮಂಚದವನು.
"ರೈಲಿಗೊಂದು ಬಸ್ಸಿಗೊಂದು ಟಿಕೇಟು ಇಲ್ಲ ಇಲ್ಲಿ,
ಎರಡಕ್ಕೂ ಇದೇ ಕಾರ್ಡು.
ರೈಲಿಳಿದು ಮೂವತ್ತು ನಿಮಿಷದೊಳಗೆ ಬಸ್ಸು ಹತ್ತಿದೆಯೋ
ಎರಡೂ ಸೇರಿ ಒಂದೇ ಪ್ರಯಾಣ.
ಮೂವತ್ತೊಂದಾಯಿತೋ, ಮುಗಿಯಿತು ಮಾರಾಯ,
ನೀನು ಹೊಸ ಮನುಷ್ಯ, ನಿನ್ನದು ಹೊಸ ಲೆಕ್ಕ."

ನಾನು ದರ್ಜಿ. ಲೆಕ್ಕ ನನಗೆ ಇಂಚಿನಲ್ಲಿ ಬರುತ್ತದೆ.
ಮೂವತ್ತೆಂದರೆ ಸರಿಯಾಗಿ ಅರ್ಧ ಟೇಪು.
ಗುಬೈಬಾದ ಗೇಟಿನಲ್ಲಿ ಕಾರ್ಡು ಟಕ್ಕೆಂದದ್ದೇ ತಡ
ಕೊರಳಿನಿಂದ ಅದು ಜಾರತೊಡಗುತ್ತದೆ:
ಮೆಟ್ಟಿಲಿಗೆ ನಾಲ್ಕಿಂಚು,
ಬಿಸಿಲು ದಾಟಲು ಆರು,
ಒಂದು ಸುಲೈಮಾನಿ ಕುಡಿದರೆ ಹತ್ತು.
ಜುಮೇರಾದ ಬಂಗಲೆಗಳಿಗೆ ಹೋಗುವ ಎಂಟರ ಬಸ್ಸು
ಬಂದು ನಿಲ್ಲುವ ಹೊತ್ತಿಗೆ
ತೋಳಿನ ತುದಿಯ ಅಳತೆಯಷ್ಟು ಉಳಿದಿರುತ್ತದೆ ಕೈಯಲ್ಲಿ,
ಇನ್ನೊಂದು ಕೈಯಲ್ಲಿ ಮೇಡಮ್ಮಿನ ಬಿಗಿ ಮಾಡಿದ ಗೌನು.

ಒಮ್ಮೊಮ್ಮೆ ಬರುವುದೇ ಇಲ್ಲ.
ಆಗಸ್ಟಿನ ಗಾಜಿನ ತಂಗುದಾಣ, ಎ.ಸಿ. ಕೆಟ್ಟು
ತೊಟ್ಟಿಕ್ಕುವ ನೀರು;
ಸೆಬುವಿನ ಆಯಾ, ಪೇಷಾವರದ ಪ್ಲಂಬರ್, ನಾನು.
ಯಾರೂ ಗಡಿಯಾರ ನೋಡುವುದಿಲ್ಲ,
ಎಷ್ಟಾಯಿತೆಂದು ಎಲ್ಲರಿಗೂ ಗೊತ್ತು.
ಇಪ್ಪತ್ತೆಂಟನೆಯ ನಿಮಿಷಕ್ಕೆ ಆ ಆಯಾ ಒಂದು ದಿನ
ಬಂದ ಯಾವುದೋ ಬಸ್ಸಿಗೆ ಹತ್ತಿಬಿಟ್ಟಳು.
ದುಡ್ಡು ಉಳಿಯಿತು. ದಾರಿ ತಪ್ಪಿತು.
ಕಿಟಕಿಯೊಳಗಿಂದ ನಗುತ್ತಲೇ ಇದ್ದಳು, ಮರೆಯಾಗುವವರೆಗೆ.

ಖಾಡಿಯ ಅಡಿಯಲ್ಲಿ ರೈಲು ಹೋಗುವಾಗ
ಕಿವಿ ಗುಂಯ್ ಎನ್ನುತ್ತದೆ.
"ನಾನು ಬಂದಾಗ ಇದರ ಮೇಲೆ ದಾಟುತ್ತಿದ್ದೆವು,
ದೋಣಿಯವನಿಗೆ ಅರ್ಧ ದಿರ್ಹಮ್,"
ಎನ್ನುತ್ತಿದ್ದ ಇದಿನಬ್ಬ ಪ್ರತಿ ಸಲವೂ,
ಅದೇ ಜಾಗದಲ್ಲಿ, ಹೊಸದಾಗಿ ನೆನಪಾದವನಂತೆ.

ಹೋಗುವ ಹಿಂದಿನ ರಾತ್ರಿ ರಟ್ಟಿನ ಪೆಟ್ಟಿಗೆಗೆ
ಹಗ್ಗ ಬಿಗಿಯುತ್ತ ಹೇಳಿದ:
"ಇಪ್ಪತ್ತಾರು ವರ್ಷ. ಎರಡು ವರ್ಷಕ್ಕೊಮ್ಮೆ ಐವತ್ತು ದಿನ.
ಇಳಿಯುವಾಗ ನಾನು ತಟ್ಟಿಯೇ ಇಲ್ಲ ನೋಡು.
ಊರು ಅಂದರೆ ಗುಬೈಬಾದ ಹಾಗೆ,
ರೈಲಿಳಿದು ಬಸ್ಸಿಗೆ ಕಾಯುವ ಜಾಗ."
ಗಂಟಿನ ಮೇಲೆ ಬೆರಳಿಡು ಎಂದ. ಇಟ್ಟೆ.

ಬೆಳಗಿನ ಮೊದಲ ರೈಲು. ಯೂನಿಯನ್ನಿನಲ್ಲಿ ಬದಲು.
ಏರ್‌ಪೋರ್ಟಿನ ಗೇಟಿನಲ್ಲಿ ಕಾರ್ಡು ತಟ್ಟಿ
ಪರದೆಯನ್ನು ಓದಿದ, ಕನ್ನಡಕ ಹಣೆಗೇರಿಸಿ.
"ಹನ್ನೊಂದು ಅರವತ್ತು ಉಂಟು. ಹಾಳು ಮಾಡಬೇಡ."
ನನ್ನ ಅಂಗಿಯ ಜೇಬಿಗೆ ತುರುಕಿದ.
ಹೆಸರಿಲ್ಲದ ಕಾರ್ಡು ಅದು, ಯಾರದಾದರೂ ಆಗುತ್ತದೆ.

"ಬಜ್ಪೆಯಿಂದ?" ಎಂದೆ, ಏನಾದರೂ ಕೇಳಬೇಕೆಂದು.
"ಅಳಿಯ ಕಾರು ತರುತ್ತೇನೆಂದ. ನಾನೇ ಬೇಡವೆಂದೆ.
ಬಸ್ಸಿನಲ್ಲಿ ಹೋಗುತ್ತೇನೆ.
ಕಂಡಕ್ಟರು ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಕೇಳುತ್ತಾನಲ್ಲ,
ಎಲ್ಲಿಗೆ, ಅಂತ.
ಇದು ಯಾವತ್ತಾದರೂ ಕೇಳಿದ್ದುಂಟಾ ನಿನ್ನನ್ನು?"
ಜೇಬಿನ ಮೇಲೆ ಎರಡು ಸಲ ತಟ್ಟಿದ.
ಕಾರ್ಡಿಗೋ, ನನಗೋ, ತಿಳಿಯಲಿಲ್ಲ.

ಗಾಜಿನ ಬಾಗಿಲು ಅವನನ್ನೂ ಪೆಟ್ಟಿಗೆಯನ್ನೂ ನುಂಗಿತು.
ನಾನು ಹೊರಗೆ ಬಂದೆ.
ಕುಸೈಸಿನ ಬಸ್ಸು ನಿಂತಿತ್ತು.
ಕೈ ನನ್ನ ಕಾರ್ಡಿಗೆ ಹೋದದ್ದು
ಅವನದನ್ನು ತೆಗೆಯಿತು.
ಇನ್ನೂ ಹದಿನಾಲ್ಕು ನಿಮಿಷ ಉಳಿದಿತ್ತು ಅದರಲ್ಲಿ.

ಹತ್ತುವಾಗ ತಟ್ಟಿದೆ.
ಹಿಂದಿನ ಸೀಟಿನಲ್ಲಿ ಯಾರೋ ಊರಿಗೆ ಫೋನು ಮಾಡಿ
ತಲುಪಿದೆ ತಲುಪಿದೆ ಎನ್ನುತ್ತಿದ್ದ.
ನಮ್ಮ ಗಲ್ಲಿಯ ತಿರುವಿನಲ್ಲಿ
ಇಳಿಯುವಾಗಲೂ ತಟ್ಟಿದೆ.

ಹನ್ನೊಂದು ಅರವತ್ತು,
ಹಾಗೆಯೇ.