ಅರ್ಧ ಹೊಡೆದ ಮೊಳೆ

ಹೆಸರಿರಲಿಲ್ಲ ಅವಳಿಗೆ. ಸ್ಕ್ರಿಪ್ಟಿನಲ್ಲಿ ಬರೀ
‘ಲಾಂಡ್ರಿಯವಳು: ಅಂಗಿ ಕೊಟ್ಟು ಹೋಗುತ್ತಾಳೆ.’
ಒಂದೇ ಮಾತು: ‘ಎರಡು ಡಾಲರ್.’

ಬರ್ಬ್ಯಾಂಕಿನ ಸ್ಟುಡಿಯೊ, ಎಪ್ಪತ್ನಾಲ್ಕನೇ ಇಸವಿ.
ಅಂಗಿ ಕೊಟ್ಟು ತಿರುಗಿದಳು ವರ್ನಾ ಪ್ರೂಯಿಟ್,
ಷೂವಿನ ಹಿಮ್ಮಡಿ ಹಲಗೆಯ ಸಂದಿಗೆ ಸಿಕ್ಕಿತು.
ಹೋಗಲಾಗದೆ ನಿಂತಳು. ನಿಂತವಳು ಸುಮ್ಮನಿರಬಾರದೆ,
ಸೋಫಾದ ಮೇಲಿದ್ದವರನ್ನೆಲ್ಲ ಒಂದು ಸುತ್ತು ನೋಡಿ
‘ಇಷ್ಟೇನಾ ನಿಮ್ಮ ಮನೆ?’ ಅಂದಳು.

ಮುನ್ನೂರು ಜನ ಬಿದ್ದೂ ಬಿದ್ದೂ ನಕ್ಕರು.
ನಿರ್ದೇಶಕ ಕಟ್ ಅನ್ನುವುದನ್ನೇ ಮರೆತ.

ಮರುವರ್ಷ ಹೆಸರು ಬಂತು, ಮಿಸೆಸ್ ಹಬಾಕ್.
ಆಮೇಲೆ ಸತ್ತ ಗಂಡ ಬಂದ, ಒಬ್ಬ ತಂಗಿ,
ಅವಳದೇ ಸೋಫಾ, ಗುರುವಾರ ರಾತ್ರಿ ಎಂಟೂವರೆ.
ಹುಟ್ಟೂರು ಎಲ್ಲಕ್ಕಿಂತ ತಡವಾಗಿ ಬಂತು.

ಹೊಸ ನೆಲ ಮಾತ್ರ ನುಣುಪು,
ಸಿಕ್ಕಲೊಲ್ಲದು ಹಿಮ್ಮಡಿ.
ಬೇಕೆಂದೇ ನಿಂತರೆ ಯಾರೂ ನಗರು.
ಆಗ ನನ್ನನ್ನು ಕರೆದರು. ನಾನು ಬಡಗಿ, ಅನ್ಸೆಲ್ಮೊ.
ಬಾಗಿಲ ಬಳಿ ಮೊಣಕಾಲೂರಿ
ಒಂದು ಮೊಳೆ ಹೊಡೆದೆ, ಅರ್ಧ ಮಾತ್ರ.

ಆರು ವರ್ಷ ದೇಶವನ್ನು ನಗಿಸಿತು ಅದು.

ಸೆಟ್ಟು ಕಿತ್ತ ದಿನ ಬಂದು ಕೇಳಿದಳು,
‘ನನ್ನ ಮೊಳೆ ಎಲ್ಲಿ?’
ಇಕ್ಕಳದಲ್ಲಿ ಎಳೆದು ಕೊಟ್ಟೆ. ಡೊಂಕಾಗಿತ್ತು.
ಮುಷ್ಟಿಯಲ್ಲಿ ಹಿಡಿದು ಬಾಗಿಲ ತನಕ ಹೋದಳು.
ತಡೆಯುವಂಥದ್ದು ಏನೂ ಇರಲಿಲ್ಲ ನೆಲದಲ್ಲಿ,
ಆದರೂ ನಿಂತಳು.